ಎಂಬತ್ತಮೂರು ಲಕ್ಷ ಮನೆಗಳು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಡಿಯೋ ಆಟಗಳನ್ನು ಕುರಿತು ಲೇಖನವೇ ಎಂದು ಸಂಘದ ಹಿರಿಯರು ಹುಬ್ಬೇರಿಸಿಯಾರು. ವಚನ ಸಾಹಿತ್ಯ, ಜನಪದ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿ ಮುಂತಾದ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಸಂಘದಲ್ಲಿ ಅನೇಕರಿದ್ದಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಬಿಡದೆ ವ್ಯಾಸಂಗ ಮಾಡಿದ ವಿಷಯವೆಂದರೆ ಇದೊಂದೇ. ನಾವು ಎಂದರೆ ಅಣ್ಣತಮ್ಮಂದಿರಿಬ್ಬರು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವರು. ಅಣ್ಣ ಊರಿನಲ್ಲಿಯೇ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ತಮ್ಮ ಪುಣೆಯಲ್ಲಿ ನೌಕರಿ ಮಾಡುತ್ತ ಶುಕ್ರವಾರ ಸಂಜೆ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಬರುತ್ತಾನೆ. ಇಬ್ಬರಿಗೂ ನಲವತ್ತು ದಾಟಿದೆ. ಇಬ್ಬರಿಗೂ ಮನೆಯಲ್ಲಿ ಬೈಗುಳ ತಪ್ಪಿಲ್ಲ, ಆಟವೂ ತಪ್ಪಿಲ್ಲ.

ಆಟದ ಯಂತ್ರಗಳ ಲೋಕದಲ್ಲಿ ಈಚೆಗೆ ದೊಡ್ಡ ಗದ್ದಲ. ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎಂದೂ, ಕೈಯಲ್ಲಿ ಹಿಡಿದು ಆಡುವುದಕ್ಕೆ ಹ್ಯಾಂಡ್‌ಹೆಲ್ಡ್ ಎಂದೂ ಹೆಸರು. 2024ರ ನವೆಂಬರಿನಲ್ಲಿ ಸೋನಿ ಕಂಪನಿ ಪ್ಲೇಸ್ಟೇಷನ್ 5 ಪ್ರೊ ಎಂಬ ಕನ್ಸೋಲನ್ನು 700 ಡಾಲರಿನ ಬೆಲೆಗೆ ಹೊರತಂದಿತು. ಬಿಡುಗಡೆಯಾದಾಗ ಅದು ಭಾರತಕ್ಕೆ ಬರಲೇ ಇಲ್ಲ. 2025ರ ಜೂನ್ 5ರಂದು ನಿಂಟೆಂಡೋ ಕಂಪನಿಯ ಸ್ವಿಚ್ 2 ಬಂದಿತು. ಟಿವಿಗೂ ಜೋಡಿಸಬಹುದು, ಕೈಯಲ್ಲೂ ಹಿಡಿಯಬಹುದು. ಮೊದಲ ನಾಲ್ಕೇ ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು. ಇವೆರಡರ ನಡುವೆ ಸ್ಟೀಮ್ ಡೆಕ್, ಆರ್‌ಓಜಿ ಅಲೈ ಮುಂತಾಗಿ ಅಂಗೈಯಲ್ಲಿ ಕೂರುವ ಗಣಕಯಂತ್ರಗಳೂ ಇವೆ. ಪ್ರತಿಯೊಂದೂ ತನ್ನ ಚಿತ್ರವೇ ಹೆಚ್ಚು ಸ್ಪಷ್ಟ, ತನ್ನ ಬೆಳಕೇ ಹೆಚ್ಚು ಸಹಜ ಎಂದು ಹೇಳಿಕೊಳ್ಳುತ್ತದೆ. ನಮ್ಮಿಬ್ಬರ ಭಾನುವಾರದ ವಾದವಿವಾದವೆಲ್ಲ ಇದರ ಸುತ್ತಲೇ. ಅಣ್ಣನದು ಕನ್ಸೋಲಿನ ಪಕ್ಷ. ರೈಲಿನಲ್ಲಿ ವಾರಕ್ಕೆ ಎಂಟು ಗಂಟೆ ಕಳೆಯುವ ತಮ್ಮನದು ಹ್ಯಾಂಡ್‌ಹೆಲ್ಡಿನ ಪಕ್ಷ.

ಒಂದು ಭಾನುವಾರ ಈ ವಾದ ತಾರಕಕ್ಕೇರಿದ್ದಾಗ, ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ನಮ್ಮ ತಂದೆ ಒಂದು ಪ್ರಶ್ನೆ ಹಾಕಿದರು.

"ಇದರಾಗ ಎಷ್ಟು ಮನಿ ಅದಾವು?"

ಚೌಕಾಬಾರದಲ್ಲಿ, ಪಗಡೆಯಲ್ಲಿ ಕಾಯಿ ನಡೆಸುವ ಚೌಕಕ್ಕೆ ನಾವು ಮನೆ ಎನ್ನುತ್ತೇವಷ್ಟೆ. ತಂದೆಯವರು ತಮ್ಮ ಕಸುಬಿನ ಗ್ರಾಫ್ ಕಾಗದದ ಚೌಕಕ್ಕೂ ಮನೆ ಎಂದೇ ಹೇಳುವವರು. ಟಿವಿಯ ಪರದೆಯೂ ಸಣ್ಣ ಸಣ್ಣ ಚೌಕಗಳಿಂದಲೇ ಆದದ್ದೆಂದು ನಮ್ಮ ಮಾತಿನಿಂದ ಅವರು ಗ್ರಹಿಸಿದ್ದರು. ಫೋರ್ ಕೆ ಎನ್ನುವ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160; ಗುಣಿಸಿದರೆ 82,94,400. ಎಂಬತ್ತಮೂರು ಲಕ್ಷ ಎಂದೆವು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಷ್ಟು ಮನಿ ತುಂಬೋರು ಯಾರು?"

ಪತ್ರಿಕೆಗಳ ವಿಮರ್ಶಕರು ಯಾರೂ ಹೀಗೆ ಕೇಳಿದ್ದನ್ನು ನಾವು ಓದಿರಲಿಲ್ಲ. ಈ ಪ್ರಶ್ನೆಯ ಹಿನ್ನೆಲೆ ತಿಳಿಯಬೇಕಾದರೆ ಅವರ ಕಸುಬನ್ನು ಸ್ವಲ್ಪ ವಿವರಿಸಬೇಕು. ಸೊಲ್ಲಾಪುರದ ಓದುಗರು ಕ್ಷಮಿಸಬೇಕು. ಬೇರೆ ಊರುಗಳಿಂದ ಸಮ್ಮೇಳನಕ್ಕೆ ಬಂದವರಿಗಾಗಿ ಈ ಮಾತು.

ನಮ್ಮೂರಿನ ಚಾದರ ಜಕಾರ್ಡ್ ಮಗ್ಗದ ಮೇಲೆ ನೇಯುವಂಥದು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡ್ 1804ರ ಸುಮಾರಿಗೆ ಸಿದ್ಧಪಡಿಸಿದ ಏರ್ಪಾಡು ಅದು. ಹೊಕ್ಕಿನ ಒಂದೊಂದು ಎಳೆಗೂ ತೂತು ಹೊಡೆದ ಒಂದೊಂದು ರಟ್ಟು. ತೂತು ಇದ್ದಲ್ಲಿ ಸೂಜಿ ಒಳಹೋಗುತ್ತದೆ, ಕೊಕ್ಕೆ ಏಳುತ್ತದೆ, ಕೊಕ್ಕೆಯೊಡನೆ ಹಾಸಿನ ಎಳೆ ಮೇಲೇಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಇದೆ ಅಥವಾ ಇಲ್ಲ, ಎರಡೇ ಮಾತು. ಗಣಕಯಂತ್ರದ ಒಂದು ಮತ್ತು ಸೊನ್ನೆಯ ವಂಶಾವಳಿಯನ್ನು ಬರೆಯುವವರು ಈ ರಟ್ಟುಗಳನ್ನು ಮೂಲಪುರುಷರ ಸಾಲಿನಲ್ಲಿ ಇಡುತ್ತಾರೆ. ನಮ್ಮ ತಂದೆಯವರ ಕೆಲಸವೆಂದರೆ ಚಿತ್ರಗಾರ ಬರೆದುಕೊಟ್ಟ ನವಿಲನ್ನೋ ಹೂಬಳ್ಳಿಯನ್ನೋ ಗ್ರಾಫ್ ಕಾಗದದ ಮೇಲೆ ಮನೆ ಮನೆಯಾಗಿ ತುಂಬಿ, ಅದನ್ನು ಸಾಲು ಸಾಲಾಗಿ ಓದಿ ರಟ್ಟಿನ ಮೇಲೆ ತೂತಾಗಿಸುವುದು. ಅವರ ಮಗ್ಗದ ಜಕಾರ್ಡಿಗೆ 400 ಕೊಕ್ಕೆ. ಅಂದರೆ ಅಡ್ಡಕ್ಕೆ 400 ಮನೆ. ಅಷ್ಟರೊಳಗೇ ನವಿಲು ಕುಣಿಯಬೇಕು. ಕಣ್ಣು ಮಂಜಾಗುವವರೆಗೆ, ಮತ್ತು ಆ ಕೆಲಸವೆಲ್ಲ ಗಣಕಯಂತ್ರಕ್ಕೆ ಹೋಗುವವರೆಗೆ, ಅವರು ಅದನ್ನೇ ಮಾಡಿದರು.

ಅವರ ಕೈಯಿಂದ ಬಂದ ಒಂದು ನೇಯ್ಗೆಯ ಕಥೆಯನ್ನು ಇಲ್ಲಿ ಹೇಳಬೇಕು. ನಾವು ಹೈಸ್ಕೂಲಿನಲ್ಲಿದ್ದಾಗ ಕೆಲವರು ಭಕ್ತರು ಗೋಡೆಗೆ ತೂಗುಹಾಕುವ ನೇಯ್ಗೆಗೆ ಬೇಡಿಕೆ ತಂದರು. ಅದರ ಮೇಲೆ 'ಶ್ರೀ ಸಿದ್ಧರಾಮೇಶ್ವರ' ಎಂದು ಕನ್ನಡದಲ್ಲಿ ಬರಬೇಕೆಂಬುದು ಅವರ ಅಪೇಕ್ಷೆ. ಅಲ್ಲಿಯವರೆಗೆ ಆ ಕಾರ್ಖಾನೆಯಲ್ಲಿ ಅಕ್ಷರವೆಂದರೆ ದೇವನಾಗರಿ. ಅದಕ್ಕೆ ಮೇಲೊಂದು ನೇರವಾದ ಗೆರೆ. ಮಗ್ಗಕ್ಕೆ ನೇರ ಗೆರೆಗಿಂತ ಸುಲಭವಾದದ್ದು ಬೇರಿಲ್ಲ. ಕನ್ನಡವಾದರೋ ಎಲ್ಲ ಗುಂಡು, ಎಲ್ಲ ಬಾಗು. ಚೌಕಗಳ ಮೇಲೆ ಬಾಗನ್ನು ತರುವುದೆಂದರೆ ಮೆಟ್ಟಿಲು ಕಟ್ಟಿ ಬೆಟ್ಟವೆನ್ನಿಸುವ ಕೆಲಸ. ಅದಕ್ಕಿಂತ ದೊಡ್ಡ ತೊಡಕು ಒತ್ತಕ್ಷರ. ಶ್ರೀ, ದ್ಧ, ಶ್ವ ಮೂರೂ ಸಾಲಿನ ಕೆಳಗೆ ಇಳಿಯುತ್ತವೆ. ಆ ಮೂರು ಒತ್ತುಗಳಿಗಾಗಿಯೇ ಕೆಳಗೊಂದು ಪಟ್ಟಿ ಹೆಚ್ಚಾಗಿ ನೇಯಬೇಕು, ಪಟ್ಟಿ ಹೆಚ್ಚಿದಂತೆ ರಟ್ಟು ಹೆಚ್ಚು, ರಟ್ಟು ಹೆಚ್ಚಿದಂತೆ ಖರ್ಚು ಹೆಚ್ಚು. ಒತ್ತನ್ನು ಸ್ವಲ್ಪ ಮೇಲಕ್ಕೆ ಎಳೆದು ಅಕ್ಷರದ ಹೊಟ್ಟೆಯಲ್ಲೇ ಸೇರಿಸಬಾರದೇ, ಇಲ್ಲವೇ ಬಿಟ್ಟೇಬಿಡಬಾರದೇ, ಓದುವವರಿಗೆ ಹೇಗೂ ತಿಳಿಯುತ್ತದೆ ಎಂದು ಮೇಲಿನವರು ಕೇಳಿದರಂತೆ. "ಒತ್ತು ತಗದ್ರ ದೇವರ ಹೆಸರ ಬದಲಾಗ್ತೈತ್ರಿ" ಎಂದು ತಂದೆಯವರು ಕೆಲಸಕ್ಕೆ ಕುಳಿತರಂತೆ. ಮೂರು ರಾತ್ರಿ ಮನೆಯಲ್ಲಿ ಕಂದೀಲಿನ ಪಕ್ಕದಲ್ಲಿ ಅವರು ದ್ಧದ ಒತ್ತನ್ನು ಬರೆದು ಅಳಿಸಿ ಬರೆದದ್ದು ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಹತ್ತಿರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ನಾಲ್ಕು ಹೆಜ್ಜೆ ಹಿಂದೆ ಸರಿದರೆ ದುಂಡಗಾಗುತ್ತಿತ್ತು. ಅವರು ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ "ಅಲ್ಲಿಂದ ಓದ್ರಿ" ಎನ್ನುತ್ತಿದ್ದರು.

ಅದೇ ಕಾಲದಲ್ಲಿ ನಮ್ಮ ಓಣಿಗೆ ಆಟದ ಯಂತ್ರ ಬಂದಿತು. ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮಿನ ನಕಲುಗಳು ಅವು, ಹೆಸರಿಲ್ಲದ ಪೆಟ್ಟಿಗೆಗಳು. ಆಟ ತುಂಬಿದ ತುಂಡಿಗೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಆಟ ಶುರುವಾಗದಿದ್ದರೆ ಅದರ ಬಾಯಿಗೆ ಊದುತ್ತಿದ್ದೆವು. ಒಂದು ಕ್ಯಾಸೆಟ್ ಓಣಿಯ ಹತ್ತು ಮನೆ ತಿರುಗಿ ಬರುತ್ತಿತ್ತು. ಜನವರಿಯಲ್ಲಿ ಗಡ್ಡಾ ಯಾತ್ರೆಗೆ ಕೊಟ್ಟ ದುಡ್ಡನ್ನು ಜೋಕಾಲಿಗೆ ಕಳೆಯದೆ ಉಳಿಸಿ ಕ್ಯಾಸೆಟ್ ಕೊಂಡ ವರ್ಷವೂ ಇತ್ತು.

ಆ ಯಂತ್ರದ ಪರದೆಯ ಮನೆಗಳು ಅಡ್ಡಕ್ಕೆ 256, ಉದ್ದಕ್ಕೆ 240. ಒಟ್ಟು 61,440. ಇಂದಿನ ಫೋರ್ ಕೆ ಪರದೆ ಅದರ 135 ಪಟ್ಟು. ಆದರೆ ಆ ಬಡತನದಲ್ಲಿ ಜಪಾನಿನ ಕುಶಲಕರ್ಮಿಗಳು ಮಾಡಿದ್ದನ್ನು ನೋಡಿ. ಮಾರಿಯೋನನ್ನು 1981ರಲ್ಲಿ ಮೊದಲು ರೂಪಿಸಿದಾಗ ಶಿಗೇರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಕೈಬೆರಳೆಣಿಕೆಯ ಚೌಕಗಳು. ಬಾಯಿ ಬರೆಯಲು ಜಾಗವಿಲ್ಲ. ಮೂಗು ಎದ್ದು ಕಾಣಲೆಂದು ಅದರ ಕೆಳಗೆ ಮೀಸೆ ಬಂದಿತು. ಹಾರುವಾಗ ಕೂದಲು ಅಲ್ಲಾಡಿಸುವುದು ಕಷ್ಟ. ತಲೆಗೆ ಟೊಪ್ಪಿಗೆ ಬಂದಿತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ; ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಹಸುರು. ಇಡೀ ಆಟ ಕೇವಲ 40 ಕಿಲೋಬೈಟು. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಮೋಡ ಮತ್ತು ಪೊದೆಯ ಸಂಗತಿಯನ್ನು ತಂದೆಯವರಿಗೆ ತೋರಿಸಿದಾಗ ಅವರಿಗೆ ಅಚ್ಚರಿಯಾಗಲಿಲ್ಲ. ಒಂದೇ ರಟ್ಟಿನ ಕಟ್ಟಿನಿಂದ ನೂಲಿನ ಬಣ್ಣ ಬದಲಿಸಿ ನಾಲ್ಕು ಬಗೆಯ ಚಾದರ ತೆಗೆಯುವುದು ಅವರ ದಿನನಿತ್ಯದ ಕೆಲಸವಾಗಿತ್ತು.

ಇನ್ನೊಂದು ಸಂಗತಿ ನಮಗೆ ತಡವಾಗಿ ತಿಳಿದು ಬಹಳ ಸಂತೋಷ ಕೊಟ್ಟಿತು. ನಿಂಟೆಂಡೋ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ, ಹನಾಫುಡಾ ಎಂಬ ಹೂಚಿತ್ರದ ಇಸ್ಪೀಟೆಲೆಗಳನ್ನು ಮಾಡುವ ಅಂಗಡಿಯಾಗಿ. ಆ ಕ್ಯೋಟೊ ನಗರವೇ ನಿಶಿಜಿನ್ ರೇಷ್ಮೆ ನೇಯ್ಗೆಯ ಊರು. ಅಲ್ಲಿನ ನೇಕಾರರು 1870ರ ದಶಕದಲ್ಲಿ ಲಿಯೋನ್‌ಗೆ ಹೋಗಿ ಕಲಿತು ಜಕಾರ್ಡ್ ಮಗ್ಗವನ್ನು ತಂದವರು. ನೇಯ್ಗೆಯಿಂದಲೇ ಆಟದ ಯಂತ್ರ ಹುಟ್ಟಿತೆಂದು ನಾವು ವಾದಿಸಲಾರೆವು; ಅಷ್ಟು ಸಲೀಸಾಗಿ ಗಂಟು ಹಾಕುವ ಇತಿಹಾಸಕಾರರು ನಾವಲ್ಲ. ಆದರೂ ಸೊಲ್ಲಾಪುರದವರಾದ ನಮಗೆ ಆ ಊರು ಅಂದಿನಿಂದ ಬೀಗರ ಊರಿನಂತೆ ತೋರುತ್ತಿದೆ.

ಆ ಕ್ಯೋಟೊದವರೇ ಗುನ್‌ಪೇ ಯೊಕೊಯಿ. ಹ್ಯಾಂಡ್‌ಹೆಲ್ಡ್ ಯಂತ್ರಗಳ ಪಿತಾಮಹರೆಂದರೆ ಇವರೇ ಎಂಬುದು ತಮ್ಮನ ಖಚಿತ ನಿಲುವು, ಈ ವಿಷಯದಲ್ಲಿ ಅಣ್ಣನೂ ಎದುರಾಡುವುದಿಲ್ಲ. 1965ರಲ್ಲಿ ಇಸ್ಪೀಟೆಲೆಯ ಯಂತ್ರಗಳನ್ನು ನೋಡಿಕೊಳ್ಳಲು ಕೆಲಸಕ್ಕೆ ಸೇರಿದವರು. ಬುಲೆಟ್ ರೈಲಿನಲ್ಲಿ ಒಬ್ಬ ನೌಕರ ಹೊತ್ತು ಹೋಗದೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕುಳಿತಿದ್ದನ್ನು ಕಂಡು ಅವರಿಗೆ ಕಿಸೆಯಲ್ಲಿಡುವ ಆಟದ ಕಲ್ಪನೆ ಹೊಳೆಯಿತಂತೆ. 1980ರಲ್ಲಿ ಗೇಮ್ ಅಂಡ್ ವಾಚ್ ಬಂದಿತು, 1989ರಲ್ಲಿ ಗೇಮ್ ಬಾಯ್. ಹೊಸದೂ ದುಬಾರಿಯೂ ಆದ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳತಾಗಿ ಅಗ್ಗವಾಗಿ ಎಲ್ಲರ ಕೈಗೆ ಪಳಗಿದ್ದನ್ನು ಹೊಸ ರೀತಿಯಲ್ಲಿ ಬಳಸಿ ಎಂಬುದು ಅವರ ಕಸುಬಿನ ಸೂತ್ರ. ಗೇಮ್ ಬಾಯ್ ಪರದೆಗೆ ಬಣ್ಣವಿಲ್ಲ, ಬೆಳಕಿಲ್ಲ. ಪಾಚಿ ಬಣ್ಣದ ನಾಲ್ಕು ಛಾಯೆ, 160ಕ್ಕೆ 144 ಮನೆ. ಫೋರ್ ಕೆ ಪರದೆ ಇದರ ಸರಿಯಾಗಿ 360 ಪಟ್ಟು. ಮರುವರ್ಷ ಸೆಗಾ ಕಂಪನಿ ಬಣ್ಣದ ಪರದೆಯ ಗೇಮ್ ಗಿಯರ್ ತಂದಿತು. ಅದಕ್ಕೆ ಆರು ಸೆಲ್ಲು ಬೇಕು, ನಾಲ್ಕೈದು ಗಂಟೆಯೊಳಗೆ ಮುಗಿದುಹೋಗುತ್ತಿದ್ದವು. ಗೇಮ್ ಬಾಯಿಗೆ ನಾಲ್ಕೇ ಸೆಲ್ಲು, ದಿನಗಟ್ಟಲೆ ಬಾಳಿಕೆ. ಬಣ್ಣದ ಗೇಮ್ ಬಾಯನ್ನೂ ಸೇರಿಸಿದರೆ ಮಾರಾಟವಾದದ್ದು ಸುಮಾರು 11 ಕೋಟಿ 80 ಲಕ್ಷ. ಗೇಮ್ ಗಿಯರಿನ ಹೆಸರು ಇಂದು ನಮ್ಮಂಥವರಿಗಷ್ಟೇ ನೆನಪು.

ಇದನ್ನೇ ಹಿಡಿದು ತಮ್ಮ ಇಂದಿನ ಯಂತ್ರಗಳನ್ನು ಅಳೆಯುತ್ತಾನೆ. ಸ್ವಿಚ್ 2ರ ಪರದೆ 7.9 ಇಂಚು, ಪೂರ್ಣ ಎಚ್‌ಡಿ, ಒಂದು ಸೆಕೆಂಡಿಗೆ 120 ಚಿತ್ರ ತೋರಿಸಬಲ್ಲುದು. ಆದರೆ ಅದರ ಬ್ಯಾಟರಿ ಕಂಪನಿಯೇ ಹೇಳುವಂತೆ 2ರಿಂದ 6.5 ಗಂಟೆ. ಭಾರಿ ಚಿತ್ರಗಳ ಆಟ ಹಚ್ಚಿದರೆ ಹುತಾತ್ಮಾ ಎಕ್ಸ್‌ಪ್ರೆಸ್ ಕುರ್ಡುವಾಡಿ ಮುಟ್ಟುವ ಹೊತ್ತಿಗೆ ಯಂತ್ರ ಕಣ್ಣು ಮುಚ್ಚುತ್ತದೆ. ಆದ್ದರಿಂದ ಅವನು ರೈಲಿನಲ್ಲಿ ಆಡುವುದು ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದ ಈ ಒಕ್ಕಲುತನದ ಆಟವನ್ನು ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಮಾಡಿದ. ಚಿತ್ರ, ಸಂಗೀತ, ಬರವಣಿಗೆ ಎಲ್ಲವೂ ಅವನದೇ. ಚಿತ್ರಗಳು ನಮ್ಮ ಕ್ಯಾಸೆಟ್ ಕಾಲದವರಿಗೆ ಒಗ್ಗುವಂಥ ಚೌಕ ಚೌಕ. ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಗೋಧಿ, ಭತ್ತ, ಮೆಕ್ಕೆಜೋಳ ಎಲ್ಲ ಬೆಳೆಯಬಹುದು; ನಮ್ಮ ಮಾಲದಂಡಿ ಬಿಳಿಜೋಳವೊಂದಿಲ್ಲ. ಅದಿದ್ದಿದ್ದರೆ ಅಣ್ಣನೂ ಪಕ್ಷ ಬದಲಿಸುತ್ತಿದ್ದನೇನೋ.

ಅಣ್ಣನ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಹೊಸ ಚಿತ್ರಶಕ್ತಿಯೆಲ್ಲ ಆಡಂಬರವೆಂದು ತಳ್ಳಿಹಾಕುವವರನ್ನು ಕಂಡರೆ ನಮಗೆ ಬೇಸರ. ಘೋಸ್ಟ್ ಆಫ್ ತ್ಸುಶಿಮಾ ಎಂಬ 2020ರ ಆಟದಲ್ಲಿ ಜಪಾನಿನ ಒಂದು ದ್ವೀಪದ ಬಯಲುಗಳಿವೆ, ಆಳೆತ್ತರದ ಹುಲ್ಲು. ಹೋಗಬೇಕಾದ ದಾರಿ ತೋರಿಸಲು ಪರದೆಯ ಮೇಲೆ ಬಾಣದ ಗುರುತಿಲ್ಲ. ಗಾಳಿ ಬೀಸುತ್ತದೆ, ಹುಲ್ಲು ಬಾಗಿದ ಕಡೆಗೆ ಕುದುರೆ ತಿರುಗಿಸಬೇಕು. ಒಂದೊಂದು ಹುಲ್ಲುಗರಿಯನ್ನೂ ಬೇರೆ ಬೇರೆಯಾಗಿ ಬಾಗಿಸುವ ಬಲ ಯಂತ್ರಕ್ಕೆ ಇಲ್ಲದಿದ್ದರೆ ಈ ಉಪಾಯ ಹೊಳೆಯುತ್ತಲೂ ಇರಲಿಲ್ಲ, ಹೊಳೆದರೂ ನಡೆಯುತ್ತಿರಲಿಲ್ಲ. ಅಮೆರಿಕದ ತಂಡವೊಂದು ಮಾಡಿದ ಆಟವಿದು. ಮೊದಲ ಸಲ ಆಡಿದಾಗ ನಾವಿಬ್ಬರೂ ಯುದ್ಧ ಮರೆತು ಅರ್ಧ ಗಂಟೆ ಸುಮ್ಮನೆ ಗಾಳಿ ನೋಡುತ್ತ ಕುದುರೆ ಓಡಿಸಿದೆವು. ಹಾಗೆಯೇ ಬೆಳಕಿನ ಕಿರಣ ಎಲ್ಲಿ ಬಡಿದು ಎತ್ತ ತಿರುಗುತ್ತದೆಂದು ಲೆಕ್ಕ ಹಾಕುವ ರೇ ಟ್ರೇಸಿಂಗ್. ಒದ್ದೆ ರಸ್ತೆಯಲ್ಲಿ ಅಂಗಡಿಯ ದೀಪ ಪ್ರತಿಫಲಿಸುವುದನ್ನು ಅದು ತೋರಿಸುವ ಬಗೆ ನಿಜಕ್ಕೂ ಸೊಗಸು.

ಆದರೆ ತಂದೆಯವರ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಎಂಬತ್ತಮೂರು ಲಕ್ಷ ಮನೆ ತುಂಬುವವರು ಯಾರು? ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದು ಚಿತ್ರಕ್ಕೆ ಸಿಗುವುದು ಒಂದು ಸೆಕೆಂಡಿನ 60ನೆಯ ಒಂದು ಪಾಲು. ಅಷ್ಟರೊಳಗೆ ಎಲ್ಲ ಮನೆಗೂ ಬಣ್ಣ ಬರಬೇಕು. ನಿಜವೇನೆಂದರೆ ಈಗಿನ ಯಂತ್ರಗಳು ಎಲ್ಲವನ್ನೂ ತುಂಬುವುದೇ ಇಲ್ಲ. ಕಡಿಮೆ ಮನೆಗಳಲ್ಲಿ ಚಿತ್ರ ಬರೆದು, ಉಳಿದವುಗಳಲ್ಲಿ ಏನಿರಬಹುದೆಂದು ತರಬೇತಿ ಪಡೆದ ಕೃತಕ ಬುದ್ಧಿಮತ್ತೆಯಿಂದ ಊಹಿಸುತ್ತವೆ. ಸ್ವಿಚ್ 2ರಲ್ಲಿ ಡಿಎಲ್‌ಎಸ್‌ಎಸ್, ಪ್ಲೇಸ್ಟೇಷನ್ 5 ಪ್ರೊದಲ್ಲಿ ಪಿಎಸ್‌ಎಸ್‌ಆರ್ ಎಂಬ ಹೆಸರಿನಲ್ಲಿ ನಡೆಯುವುದು ಇದೇ. ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇದನ್ನು ವಿವರಿಸಿದಾಗ ತಂದೆಯವರು ಒಪ್ಪಲಿಲ್ಲ. "ಅಂದಾಜಿಲೆ ತೂತ ಹೊಡದ್ರ ನವಲಿಗೆ ಮೂರು ಕಾಲು ಬರ್ತಾವು" ಎಂದು ನಕ್ಕರು.

ಊಹಿಸದೆ ಮನುಷ್ಯರೇ ಮಾಡಬೇಕಾದ ಭಾಗದ ಖರ್ಚಂತೂ ಕೇಳುವಂತಿಲ್ಲ. 2023ರ ಸ್ಪೈಡರ್ ಮ್ಯಾನ್ 2 ಆಟಕ್ಕೆ ಸುಮಾರು 30 ಕೋಟಿ ಡಾಲರ್ ತಗುಲಿತೆಂದು ಸೋರಿಕೆಯಾದ ಕಾಗದಪತ್ರಗಳಿಂದ ಲೋಕಕ್ಕೆ ತಿಳಿಯಿತು. ಅಷ್ಟು ಹಣ ಹಾಕಿದವರು ಅದು ಮರಳಿ ಬರುವ ದಾರಿಯನ್ನೇ ಹಿಡಿಯುತ್ತಾರೆ. ಅದೇ ವೀರ, ಅದೇ ನಗರ, ಭಾಗ ಎರಡು, ಭಾಗ ಮೂರು. ಆಟವನ್ನು ಕೊಳ್ಳುವವರ ಹಕ್ಕೂ ಸಣ್ಣದಾಗುತ್ತಿದೆ. ಪ್ಲೇಸ್ಟೇಷನ್ 5 ಪ್ರೊ ಯಂತ್ರಕ್ಕೆ ಡಿಸ್ಕ್ ಹಾಕುವ ಬಾಯಿಲ್ಲ, ಬೇಕಾದವರು ಬೇರೆ ಕೊಂಡು ಜೋಡಿಸಬೇಕು. ಸ್ವಿಚ್ 2ರ ಕೆಲವು ಕ್ಯಾಸೆಟ್‌ಗಳೊಳಗೆ ಆಟವೇ ಇರುವುದಿಲ್ಲ, ಆಟವನ್ನು ಜಾಲದಿಂದ ಇಳಿಸಿಕೊಳ್ಳುವ ಕೀಲಿ ಮಾತ್ರ. ಓಣಿಯ ಹತ್ತು ಮನೆ ತಿರುಗಿದ ಕ್ಯಾಸೆಟ್ಟಿನ ಕಾಲದವರಿಗೆ ಇದು ಬಾಡಿಗೆ ಮನೆಯ ಬಾಳೆನಿಸುತ್ತದೆ.

ಇಷ್ಟೆಲ್ಲ ಹೇಳಿಯೂ ನಮ್ಮನ್ನು ನಿಜವಾಗಿ ಕಾಡುವ ಮಾತು ಬೇರೆ. ಅದಕ್ಕಾಗಿಯೇ ಈ ಲೇಖನವನ್ನು ಸಂಘದ ಸಂಚಿಕೆಗೆ ಕೊಟ್ಟಿದ್ದೇವೆ.

ಕ್ಯಾಸೆಟ್ ಕಾಲದ ಆಟಗಳಲ್ಲಿ ಕನ್ನಡವಿರಲಿಲ್ಲವೆಂದರೆ ಅದಕ್ಕೊಂದು ಕಾರಣ ಹೇಳಬಹುದಿತ್ತು. ಆ ಯಂತ್ರ ಪರದೆಯನ್ನು 8ಕ್ಕೆ 8 ಮನೆಯ ತುಂಡುಗಳಿಂದ ಕಟ್ಟುತ್ತಿತ್ತು. ಹಿನ್ನೆಲೆಗೆ ಒಂದು ಹೊತ್ತಿಗೆ 256 ತುಂಡುಗಳಷ್ಟೇ ಇಟ್ಟುಕೊಳ್ಳಬಹುದು, ಗಿಡ ಗೋಡೆ ಅಕ್ಷರ ಎಲ್ಲವೂ ಅದರೊಳಗೇ. ಇಂಗ್ಲಿಷಿನ ಒಂದು ಅಕ್ಷರ ಒಂದು ತುಂಡಿನಲ್ಲಿ ಆರಾಮವಾಗಿ ಕೂರುತ್ತದೆ. ಜಪಾನೀಯರಿಗೇ ತಮ್ಮ ಲಿಪಿ ಹಿಡಿಸುವುದು ಕಷ್ಟವಾಗಿತ್ತು. 1986ರ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ಜಾಗ ಉಳಿಸಲು ಕಟಾಕಾನಾ ಲಿಪಿಯ ಕೆಲವೇ ಅಕ್ಷರಗಳನ್ನು ಆರಿಸಿಕೊಂಡು, ರಾಕ್ಷಸರ ಮತ್ತು ಮಂತ್ರಗಳ ಹೆಸರುಗಳನ್ನು ಅವುಗಳಲ್ಲೇ ಹೊಂದಿಸಿದರು. ನಮ್ಮ ಕನ್ನಡವೋ! 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಕಾಗುಣಿತವೊಂದೇ 256ನ್ನು ದಾಟುತ್ತದೆ. ತಲೆಕಟ್ಟಿಗೆ ಎರಡು ಮನೆ, ಒಡಲಿಗೆ ಆರು ಮನೆ ಕೊಟ್ಟರೆ ಒತ್ತಿಗೆ ಉಳಿಯುವುದು ಸೊನ್ನೆ. ಆ ಪೆಟ್ಟಿಗೆಯಲ್ಲಿ 'ಶ್ರೀ' ಬರೆಯುವುದು ನಮ್ಮ ತಂದೆಯವರಿಂದಲೂ ಆಗುತ್ತಿರಲಿಲ್ಲ.

ಈಗ ಆ ಮಾತು ನಡೆಯುವುದಿಲ್ಲ. ಎಂಬತ್ತಮೂರು ಲಕ್ಷ ಮನೆಗಳಿವೆ. ಯೋಧನ ಗಡ್ಡದ ಒಂದೊಂದು ಕೂದಲಿಗೂ ಜಾಗವಿದೆ. ಕನ್ನಡದ ಒತ್ತುಗಳನ್ನು ಸರಿಯಾಗಿ ಜೋಡಿಸಿ ಮೂಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ನಮ್ಮ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಮೂಡುವುದು ಅದರಿಂದಲೇ. ಆದರೂ ಯಾವ ಕನ್ಸೋಲನ್ನೇ ಚಾಲೂ ಮಾಡಿ, ಭಾಷೆಯ ಪಟ್ಟಿ ತೆರೆದು ಕೊನೆಯವರೆಗೆ ಇಳಿದು ಹೋಗಿ, ಕನ್ನಡ ಸಿಗುವುದಿಲ್ಲ. ಭಾರತದಲ್ಲಿ ಆಟಗಳೇ ಆಗುತ್ತಿಲ್ಲವೆಂದಲ್ಲ. ನಮ್ಮ ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ರಾಜಿ ಎಂಬ ಸುಂದರವಾದ ಆಟ ಮಾಡಿತು. ತಮ್ಮನನ್ನು ತಳ್ಳಿಕೊಂಡು ಹೋದ ಅಸುರರ ಬೆನ್ನಟ್ಟುವ ಅಕ್ಕನ ಕಥೆ. ಅದಕ್ಕೆ ಮುಂದೆ ಹಿಂದಿಯ ದನಿಯೂ ಬಂದಿತು. ಸೊಲ್ಲಾಪುರದಲ್ಲಿ ಮರಾಠಿ, ತೆಲುಗು, ಉರ್ದುಗಳ ನಡುವೆ ಅಂಗಡಿಯ ಹಲಗೆಯಿಂದ ಹಿಡಿದು ಶಾಲೆಯ ದಾಖಲೆಯವರೆಗೆ ನಮ್ಮ ಲಿಪಿ ಎಲ್ಲಿದೆ ಎಂದು ಹುಡುಕಿ ಅಭ್ಯಾಸವಾದ ಕಣ್ಣಿಗೆ ಈ ಪಟ್ಟಿಗಳೂ ಹೊಸತಲ್ಲ.

ಅಣ್ಣನ ಮಗಳು ಏಳನೆಯ ತರಗತಿ. ಇಂಗ್ಲಿಷ್ ಶಾಲೆ, ಅಲ್ಲಿ ಮರಾಠಿ ಇದೆ, ಹಿಂದಿ ಇದೆ. ಮನೆಯಲ್ಲಿ ನಮಗಿಂತ ಚುರುಕಾಗಿ ಕನ್ನಡ ಮಾತನಾಡುತ್ತಾಳೆ. ಓದಲು ಬಾರದು. ಬೇಸಿಗೆ ರಜೆಯಲ್ಲಿ ಬಾಲಬೋಧೆ ಹಿಡಿದು ಕುಳ್ಳಿರಿಸಿದರೆ ಹತ್ತು ನಿಮಿಷಕ್ಕೆ ಬಾಯಾರಿಕೆಯಾಗುತ್ತದೆ. ಅವಳು ಆಡುವುದು ಮೈನ್‌ಕ್ರಾಫ್ಟ್, ಹಳೆಯ ಲ್ಯಾಪ್‌ಟಾಪಿನಲ್ಲಿ. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಟ ಅದು, 30 ಕೋಟಿಗೂ ಮಿಕ್ಕಿ. ಮತ್ತು ಅದರ ಚಿತ್ರಗಳೋ, ದನ ಮರ ಸೂರ್ಯ ಎಲ್ಲವೂ ಚೌಕ. ಒಂದು ಶನಿವಾರ ತಮ್ಮ ಅದರ ಭಾಷೆಯ ಪಟ್ಟಿಯನ್ನು ನೋಡುತ್ತಿದ್ದಾಗ ನಡುವೆ ನಮ್ಮ ಲಿಪಿ ಕಂಡಿತು. ಕನ್ನಡ. ಕಂಪನಿಯವರು ಸಂಬಳ ಕೊಟ್ಟು ಮಾಡಿಸಿದ್ದಲ್ಲ. ಎಲ್ಲೆಲ್ಲಿಯೋ ಕುಳಿತ ಸ್ವಯಂಸೇವಕರು ಪದ ಪದವಾಗಿ ಅನುವಾದಿಸಿ ಸೇರಿಸಿದ್ದು. ಗಣಕಯಂತ್ರದ ಜಾವಾ ಆವೃತ್ತಿಯಲ್ಲಿ ಮಾತ್ರ ಇದೆ. ಅದೇ ಆಟದ ಕನ್ಸೋಲ್ ಆವೃತ್ತಿಯಲ್ಲಿ ಇಲ್ಲ. ಅತ್ಯಂತ ಶ್ರೀಮಂತ ಚಿತ್ರಗಳ ಆಟಗಳಲ್ಲಿ ದೊರೆಯದ ಒತ್ತಕ್ಷರ ಅತ್ಯಂತ ಬಡ ಚಿತ್ರಗಳ ಆಟದಲ್ಲಿ ಕುಳಿತಿತ್ತು.

"ಕಾಕಾ, ಇಂಗ್ಲಿಷಿಗೆ ವಾಪಸ್ ಹಾಕ್ರಿ, ನನಗ ಏನೂ ತಿಳಿವಲ್ದು" ಎಂದು ಮೊದಲ ದಿನ ಅವಳು ಅತ್ತಳು. ತಮ್ಮ ಹಾಕಿಕೊಟ್ಟ. ಒತ್ತಾಯದಿಂದ ಕಲಿಸಿದ ಭಾಷೆ ಎಷ್ಟು ದಿನ ಉಳಿಯುತ್ತದೆಂಬುದನ್ನು ಈ ಊರಿನಲ್ಲಿ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಮುಂದಿನ ವಾರ ಅವಳೇ ಬದಲಿಸಿಕೊಂಡಿದ್ದಳು. ಚೌಕದ ಚಿತ್ರ ಕಂಡೊಡನೆ ಅದೇನೆಂದು ಅವಳಿಗೆ ಗೊತ್ತು. ಅದರ ಕೆಳಗಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತಿದ್ದಳು. ಕಲ್ಲು ಎಂಬುದನ್ನು ಓದಿದ ದಿನ 'ಲ'ದ ಕೆಳಗಿನ ಬಾಲವೇನೆಂದು ಕೇಳಿದಳು. ಒತ್ತೆಂದರೇನೆಂದು ಹೇಳಿದ್ದು ಅವಳ ಮುತ್ಯಾ. ಈಗ ತಪ್ಪುತ್ತ ತಡೆಯುತ್ತ ಓದುತ್ತಾಳೆ. ಸಂಘದ ಆಮಂತ್ರಣ ಪತ್ರಿಕೆಯ ಅರ್ಧದಷ್ಟನ್ನು ಓದಿದಳು, ಗಣ್ಯರ ಬಿರುದುಗಳ ಬಳಿ ನಿಲ್ಲಿಸಿದಳು. ಇದರಿಂದ ಅವಳು ಕಾದಂಬರಿ ಓದುವಳೆಂದು ನಾವು ಯಾರಿಗೂ ಮಾತು ಕೊಡುವುದಿಲ್ಲ.

ಈ ವರ್ಷ ಹೊಸ ಯಂತ್ರಕ್ಕೆಂದು ಇಬ್ಬರೂ ಕೂಡಿಟ್ಟ ಹಣ ಹಾಗೆಯೇ ಇದೆ. ಕನ್ಸೋಲೋ ಹ್ಯಾಂಡ್‌ಹೆಲ್ಡೋ ಎಂಬ ವಾದವೂ ಹಾಗೆಯೇ ಇದೆ. ಈ ನಡುವೆ ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶವನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿದ್ದೇವೆ. ಪುಕ್ಕಟೆ ಸಿಗುತ್ತದೆ, 2023ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಸೇರಿರುವುದರಿಂದ ಕನ್ನಡ ಒಡೆಯದೆ ಮೂಡುತ್ತದೆ. ಅವಳು ಕಟ್ಟುತ್ತಿರುವುದು ಗಡ್ಡಾ ಯಾತ್ರೆಯ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಮೇಕೆಮರಿಯೊಂದನ್ನು ಹುಡುಕುವ ಆಟ. ಅಂಗಡಿ ಹಲಗೆಗಳಿಗೆ ಸಿದ್ಧವಿರುವ ಅಕ್ಷರಶೈಲಿ ಬೇಡ, ಚೌಕ ಚೌಕವಾದ ಕನ್ನಡವೇ ಬೇಕೆಂದು ಹಟ. ಅದು ಎಲ್ಲಿಯೂ ಸಿದ್ಧವಾಗಿ ನಮಗೆ ಸಿಗಲಿಲ್ಲ. ಆದ್ದರಿಂದ ಗ್ರಾಫ್ ಕಾಗದ ತಂದಿದ್ದೇವೆ. ಒಂದೊಂದು ಅಕ್ಷರಕ್ಕೆ ಅಡ್ಡಕ್ಕೆ 16, ಉದ್ದಕ್ಕೆ 24 ಮನೆ. ಕೆಳಗಿನ ಎಂಟು ಸಾಲು ಒತ್ತಿಗೆಂದೇ ಮೀಸಲು. ತಂದೆಯವರಿಗೆ ಶಸ್ತ್ರಚಿಕಿತ್ಸೆಯಾದ ಕಣ್ಣಿನಲ್ಲಿ ಸಣ್ಣ ಚೌಕ ಕಾಣುವುದಿಲ್ಲ; ಅವರು ಹೇಳುತ್ತಾರೆ, ಅವಳು ತುಂಬುತ್ತಾಳೆ. ಕ ವರ್ಗ, ಚ ವರ್ಗ ಮುಗಿದಿವೆ. ಟ ವರ್ಗದಲ್ಲಿ 'ಣ'ಕ್ಕೆ 16 ಮನೆ ಸಾಲದೆಂದು ಮುತ್ಯಾ, ಸಾಕೆಂದು ಮೊಮ್ಮಗಳು. ಮೂರು ಭಾನುವಾರಗಳಿಂದ ಕೆಲಸ ಅಲ್ಲೇ ನಿಂತಿದೆ.